ಸಾಬೂನು ಸ್ಟಾಕ್ ಐತ್ರೀ ಸಾಹೇಬ್ರ

ವರ್ಷಕ್ಕೆ ಎರಡು ಸಲ ನಮ್ಮಲ್ಲಿ ಕೈ ತೊಳೆಯುವ ಹಬ್ಬ. ಮೇ 5ಕ್ಕೆ ಒಂದು, ಅಕ್ಟೋಬರ್ 15ಕ್ಕೆ ಇನ್ನೊಂದು. ಉಳಿದ ದಿನಗಳಿಗೆ ಬ್ಯಾನರು ಸಾಕು.

ಮೇ 5 ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿದ ದಿನ. ಅದು ಆರೈಕೆ ಮಾಡುವವರ ಕೈಗೆ ಮೀಸಲು. ಡಾಕ್ಟರು, ನರ್ಸು, ಆಯಾ ಇವರ ಕೈಗೆ. ಮಕ್ಕಳ ಕೈಗೆ ಅಕ್ಟೋಬರ್ ಇದೆ. ನಮ್ಮವರು ಇಂಥ ಸೂಕ್ಷ್ಮಗಳಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡೂ ದಿನ ಮಕ್ಕಳನ್ನೇ ಸಾಲಾಗಿ ನಿಲ್ಲಿಸುತ್ತಾರೆ.

ಮೇ ತಿಂಗಳಲ್ಲಿ ಶಾಲೆಗೆ ರಜೆಯಲ್ಲವೇ ಅಂತ ಕೇಳಬೇಡಿ. ರಜೆಗೆ ಹೋಗಲು ಮನೆಯೇ ಇಲ್ಲದ ಮಕ್ಕಳು ಬಾಲಮಂದಿರದಲ್ಲಿ ಸಿಗುತ್ತಾರೆ.

ಮಕ್ಕಳದು ಸುಲಭ. ನಿಲ್ಲು ಅಂದರೆ ನಿಲ್ಲುತ್ತಾರೆ. ಕೈ ತೋರಿಸು ಅಂದರೆ ತೋರಿಸುತ್ತಾರೆ. ‘ಸಾಹೇಬ್ರ, ನಿಮ್ಮ ಕೈ ತೋರಸ್ರಿ’ ಅನ್ನುವವರು ಇನ್ನೂ ಹುಟ್ಟಿಲ್ಲ.

ಬಾಲಮಂದಿರ, ಶಿಶುಗೃಹ, ವಿಶೇಷ ಚೇತನ ಮಕ್ಕಳ ವಸತಿ ಶಾಲೆ. ಬೋರ್ಡು ಬೇರೆ ಬೇರೆ. ಮಕ್ಕಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಲ್ಲೇ ಇರುತ್ತಾರೆ ಅನ್ನುವುದು ಮಾತ್ರ ಎಲ್ಲ ಕಡೆಗೂ ಒಂದೇ. ದವಾಖಾನೆಗೆ ಸೇರಿದ ಕೂಸು ನಾಲ್ಕು ದಿನಕ್ಕೆ ಮನೆಗೆ ಹೋಗುತ್ತದೆ. ಇಲ್ಲಿಯ ಕೂಸಿಗೆ ಇದೇ ಮನೆ. ಇಲ್ಲಿ ಹತ್ತಿದ ಕಜ್ಜಿ ಇಲ್ಲೇ ಸುತ್ತುತ್ತದೆ. ಕಣ್ಣುಬೇನೆ ಈ ಮಂಚ ಬಿಟ್ಟು ಆ ಮಂಚಕ್ಕೆ ಹೋಗುತ್ತದೆ. ಭೇದಿ ಒಂದು ಕೋಣೆ ಮುಗಿಸಿ ಇನ್ನೊಂದಕ್ಕೆ ಹೊರಡುತ್ತದೆ.

ಅದು ತನ್ನ ಕಾಲ ಮೇಲೆ ಹೋಗುವುದಿಲ್ಲ. ಯಾರದೋ ಕೈ ಹಿಡಿದು ಹೋಗುತ್ತದೆ. ಸ್ವಂತ ಮಗ್ಗುಲು ಬದಲಿಸಲಾಗದೆ ಮಲಗಿದಲ್ಲೇ ಇರುವ ಕೂಸು ಪಕ್ಕದ ಮಂಚವನ್ನು ಮುಟ್ಟಿರಲು ಸಾಧ್ಯವಿಲ್ಲ. ಮುಟ್ಟಿದವರು ದೊಡ್ಡವರು. ಎರಡನೇ ಇಯತ್ತೆಯ ಲೆಕ್ಕ ಇದು. ಆದರೂ ಗೋಡೆಯ ಚಿತ್ರದಲ್ಲಿ ಕೈ ತೊಳೆಯುತ್ತಿರುವುದು ಎರಡು ಜಡೆಯ ಹುಡುಗಿ. ಅಧೀಕ್ಷಕರು ಕೈ ತೊಳೆಯುವ ಚಿತ್ರ ನಾನಂತೂ ಎಲ್ಲೂ ಕಂಡಿಲ್ಲ.

ಆ ಹುಡುಗಿಯ ಕೆಳಗೆ ಸುಮನ್-ಕೆ ಸೂತ್ರ. ಸೀಧಾ, ಉಲ್ಟಾ, ಮುಟ್ಠಿ, ಅಂಗೂಠಾ, ನಾಖೂನ್, ಕಲಾಯಿ. ದಿಲ್ಲಿಯಿಂದ ಬಂದದ್ದು ಬಂದ ಹಾಗೇ ಗೋಡೆಗೆ ಹತ್ತಿದೆ. ತಿಕೋಟಾದ ಹುಡುಗ ಅದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾನೆ. ಸಾಹೇಬರು ಚಪ್ಪಾಳೆ ಹೊಡೆಯುತ್ತಾರೆ. ಒಣ ಕೈಯಿಂದ.

ಈಗ ಹುಟ್ಟುಹಬ್ಬದ ಸಂಗತಿ.

ನಮ್ಮ ಕಡೆ ಪುಢಾರಿಯೊಬ್ಬನ ಹುಟ್ಟುಹಬ್ಬ ಬಂದರೆ ಮೂರು ಕಡೆ ತ್ರಾಸು. ಸರ್ಕಲ್ಲಿನಲ್ಲಿ ಕಟೌಟು. ದವಾಖಾನೆಯಲ್ಲಿ ಹಣ್ಣು-ಬ್ರೆಡ್ಡು ವಿತರಣೆ. ತಂದೆತಾಯಿ ಇಲ್ಲದ ಮಕ್ಕಳಿಗೆ ಕೇಕು. ಅಂಥದೊಂದು ಕೇಕಿನ ಹಿಂದೆ ನಾನೂ ಹೋಗಿದ್ದೆ. ಊರ ಹೆಸರು ಬೇಡ. ವಿಜಯಪುರ, ತಿಕೋಟಾ, ಬಬಲೇಶ್ವರ, ಯಾವುದು ಅಂದರೂ ನೀವು ನಂಬುತ್ತೀರಿ.

ಸಾಹೇಬರು ಮುಂಜಾನೆಯಿಂದ ಹಾರ ಹಾಕಿಸಿಕೊಂಡಿದ್ದರು. ಕಂಡ ಕಂಡವರ ಕೈ ಕುಲುಕಿದ್ದರು. ಬೈಕ್ ರ್ಯಾಲಿಯ ಧೂಳು ಕುಡಿದಿದ್ದರು. ಬಲಗೈಗೆ ನಾಲ್ಕು ಉಂಗುರ. ಮಣಿಕಟ್ಟಿಗೊಂದು ದಾರ. ಆ ದಾರ ಏನಿಲ್ಲೆಂದರೂ ಮೂರು ಸಿದ್ಧೇಶ್ವರ ಜಾತ್ರೆ ಕಂಡಿತ್ತು, ಬಣ್ಣ ಏನಿತ್ತೆಂದು ಕಟ್ಟಿದವರಿಗೂ ಹೇಳಲು ಬರುತ್ತಿರಲಿಲ್ಲ. ಆ ಕೈ ಕೇಕಿಗೆ ಇಳಿಯಿತು. ಕೇಕಿನಿಂದ ಕೂಸಿನ ಬಾಯಿಗೆ. ಕೂಸು ಚಪ್ಪರಿಸಿ ಬೆರಳನ್ನೂ ನೆಕ್ಕಿತು. ಅದೇ ಬೆರಳು ಮುಂದಿನ ಬಾಯಿಗೆ. ಹೀಗೇ ಇಡೀ ಸಾಲು. ಕೊನೆಯ ಕೂಸಿಗೆ ಸಿಕ್ಕಿದ್ದರಲ್ಲಿ ಕೇಕು ಕಮ್ಮಿ, ಹಿಂದಿನವರ ಜೊಲ್ಲು ಜಾಸ್ತಿ.

‘ಸಾಹೇಬ್ರ, ಇನ್ನೊಮ್ಮೆ ಇಡ್ರಿ, ಫೋಟೋ ಅಳ್ಳಾಡ್ತು’ ಅಂದ ಕ್ಯಾಮೆರಾದವನು. ಇನ್ನೊಮ್ಮೆ ಇಟ್ಟರು.

ಆಯಾ ಒಬ್ಬಳು ಮೂಲೆಯಲ್ಲಿ ಚಡಪಡಿಸುತ್ತಿದ್ದಳು. ಸಾಲಿನ ನಡುವಿನ ಹುಡುಗನಿಗೆ ಹಿಂದಿನ ರಾತ್ರಿಯಿಂದ ಜುಲಾಬು. ‘ಅವಗ ಬ್ಯಾಡ್ರಿ ಯಪ್ಪಾ, ಹೊಟ್ಟಿ ಸರಿ ಇಲ್ಲ’ ಅಂದಳು. ಹಿಂಬಾಲಕನೊಬ್ಬ ಗದರಿದ. ‘ಸುಮ್ನಿರವಾ, ಸಾಹೇಬ್ರು ಪ್ರೀತಿಲೆ ತಿನಸಾಕತ್ತಾರ.’

ಇಡೀ ಕೋಣೆಯಲ್ಲಿ ಸೋಂಕು ತಡೆಯುವ ಮಾತಾಡಿದವಳು ಅವಳೊಬ್ಬಳೇ. ಬೈಸಿಕೊಂಡವಳೂ ಅವಳೊಬ್ಬಳೇ.

ಸಂಜೆಯೊಳಗೆ ಫೋಟೋಗಳು ವಾಟ್ಸಾಪಿನಲ್ಲಿ. ಮಕ್ಕಳ ಮುಖ ಸ್ಪಷ್ಟ. ಬಾಲನ್ಯಾಯ ಕಾಯ್ದೆ 2015ರ ಕಲಂ 74ರ ಪ್ರಕಾರ ಇಂಥ ಮಕ್ಕಳ ಗುರುತು ಬಯಲು ಮಾಡುವವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಫೋಟೋದ ಕೆಳಗೆ ಕೈ ಮುಗಿದ ಚಿಹ್ನೆಗಳು ನೂರಾರು. ಕಲಂ 74 ಓದಿದವರು ಆ ಗುಂಪಿನಲ್ಲಿ ಇದ್ದಿರಬಹುದು. ಅವರೂ ಕೈ ಮುಗಿದಿದ್ದರು.

ಕೇಕು ಮುಗಿಯಿತು. ಅಧೀಕ್ಷಕಿ ಬೀರು ತೆರೆದು ತೋರಿಸಿದರು. ಸಾಬೂನು. ಮೇಲಿನ ಕಾಗದ ಬಿಚ್ಚದ ಸಾಬೂನು, ನಾಲ್ಕು ಅರೆ ತುಂಬಾ.

‘ಸ್ಟಾಕ್ ಐತ್ರೀ ಸಾಹೇಬ್ರ. ನಮ್ಮಲ್ಲಿ ಒಂದೂ ಕಮ್ಮಿ ಬೀಳಂಗಿಲ್ಲ.’

ಸಾಹೇಬರು ಶಭಾಷ್ ಅಂದರು.

ಶಭಾಷ್‌ಗಿರಿ ಯಾತಕ್ಕೆ? ಸಾಬೂನು ಖರ್ಚಾಗದೆ ಉಳಿದದ್ದಕ್ಕೆ. ಕೈ ತೊಳೆಯುತ್ತಿದ್ದಾರೋ ಇಲ್ಲವೋ ತಿಳಿಯಲು ಪ್ರತಿಯೊಬ್ಬರ ಬೆನ್ನಿಗೆ ಕಾವಲು ಹಾಕಬೇಕಾಗಿಲ್ಲ. ತಿಂಗಳಿಗೆ ಎಷ್ಟು ಸಾಬೂನು, ಎಷ್ಟು ಸ್ಯಾನಿಟೈಸರ್ ಖರ್ಚಾಯಿತು ನೋಡಿದರೂ ಅಂದಾಜು ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿದ ಅಳತೆ ಅದು. ಆ ಅಳತೆಗೆ ತುಂಬಿದ ಬೀರು ಅಂದರೆ ತೊಳೆಯದ ಕೈ. ನಮ್ಮ ಅಳತೆಗೆ ತುಂಬಿದ ಬೀರು ಅಂದರೆ ದಕ್ಷ ಆಡಳಿತ.

ಬಚ್ಚಲಿನಲ್ಲಿ ಏನಿತ್ತು? ಒಂದು ಚೂರು. ದಾರದಿಂದ ಕೊಯ್ದ ಕಾಲುಭಾಗ ಸಾಬೂನು, ನೆನೆದು ಲೋಳೆಯಾಗಿ ಕಲ್ಲಿಗೆ ಅಂಟಿತ್ತು. ಅದರ ಮೇಲೆ ಒಂದು ಕೂದಲು. ಪಕ್ಕದ ಮೊಳೆಗೆ ಒಂದು ಟವೆಲ್ಲು, ಎಲ್ಲರಿಗೂ ಸೇರಿ ಒಂದೇ. ಹಟ ಹಿಡಿದು ಯಾರಾದರೂ ಕೈ ತೊಳೆದರೂ, ತೊಳೆದದ್ದನ್ನು ಆ ಟವೆಲ್ಲು ವಾಪಸು ಕೊಡುತ್ತದೆ.

ಬೀರುವಿನ ಕೀಲಿ ಅಧೀಕ್ಷಕಿಯ ಪರ್ಸಿನಲ್ಲಿ. ಪರ್ಸು ಸಂಜೆ ಐದೂವರೆಗೆ ಅವರ ಜೊತೆ ಮನೆಗೆ. ರಾತ್ರಿ ಜುಲಾಬು ಹತ್ತಿದವರು ಮುಂಜಾನೆ ಹತ್ತರವರೆಗೆ ತಡೆದುಕೊಳ್ಳಬೇಕು.

ಅವರನ್ನೂ ಬೈದು ಉಪಯೋಗವಿಲ್ಲ. ಸಾಬೂನು ಹೆಚ್ಚು ಖರ್ಚಾದರೆ ಆಡಿಟ್‌ನವರು ಕೇಳುತ್ತಾರೆ. ಕಮ್ಮಿ ಖರ್ಚಾದರೆ ಯಾರೂ ಕೇಳುವುದಿಲ್ಲ. ಕಜ್ಜಿ ಆಡಿಟ್‌ಗೆ ಬರುವುದಿಲ್ಲ.

ಬೀರುವಿನ ಹಿಂದೆ, ಮುರಿದ ಕುರ್ಚಿಗಳ ನಡುವೆ, ಕಾಲಿನಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡ್ ಒಂದು ನಿಂತಿತ್ತು. ಕೊರೊನಾ ಕಾಲದ್ದು. ದಾನಿಯ ಹೆಸರು ದೊಡ್ಡ ಅಕ್ಷರದಲ್ಲಿ ಹೊಳೆಯುತ್ತಿತ್ತು. ಬಾಟಲಿ ಇಡುವ ಜಾಗದಲ್ಲಿ ಯಾರೋ ಊದುಬತ್ತಿ ಸಿಕ್ಕಿಸಿದ್ದರು.

ನೀರಿನ ಮಾತು ಎತ್ತಬಾರದು ಅಂದುಕೊಂಡಿದ್ದೆ. ಆಗಲಿಲ್ಲ.

ದೂರದಿಂದ ನೀರು ತಂದು ಬದುಕಿದ ಊರು ವಿಜಯಪುರ. ತೊರವಿಯ ಕಡೆಯಿಂದ, ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಯಲ್ಲಿ ನೀರು ಹರಿದು ಕೋಟೆಯೊಳಗೆ ಬರುತ್ತಿತ್ತು. ಬೇಗಂ ತಲಾಬ್ ಕಟ್ಟಿದ್ದು 1651ರಲ್ಲಿ. ಕೊಳವೆ ಒಡೆಯದ ಹಾಗೆ ಒತ್ತಡ ತಗ್ಗಿಸಲು ದಾರಿಯುದ್ದಕ್ಕೂ ಗಂಜ್ ಅನ್ನುವ ಗೋಪುರಗಳು. ಕೆಲವು ಇನ್ನೂ ನಿಂತಿವೆ. ಸೆಲ್ಫಿಗೆ ಚೆನ್ನಾಗಿವೆ.

ಈಗಿನವರೂ ಏನು ಕಮ್ಮಿಯಿಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿ ಮಾಡಿದರು. ಕೃಷ್ಣೆಯನ್ನು ಕೆಳಗಿನಿಂದ ಎತ್ತಿ ಈ ಬರದ ನೆಲಕ್ಕೆ ಹತ್ತಿಸಿದರು. ಒಣಗಿದ ಕೆರೆಗಳು ನೀರು ಕಂಡವು. ಒಳ್ಳೆಯ ಕೆಲಸ, ನಾನೂ ಹೊಗಳಿದವನೇ. ನದಿಯನ್ನೇ ದಿಬ್ಬ ಹತ್ತಿಸಿದ ಸೀಮೆಯಲ್ಲಿ ಸಿಂಟೆಕ್ಸಿನಿಂದ ಬಚ್ಚಲಿಗೆ ನೀರು ಇಳಿಸುವುದು ಮಾತ್ರ ಯಾರಿಗೂ ಬರಲಿಲ್ಲ.

ಆ ಮಕ್ಕಳ ಮನೆಯ ಮೋಟಾರು ಸುಟ್ಟಿತ್ತು.

‘ಯಾವಾಗ ಸುಟ್ಟೈತಿ?’

‘ದಸರಾ ಮುಂದ್ರೀ.’

ನಾವು ಹೋದದ್ದು ಹೋಳಿ ಹುಣ್ಣಿಮೆ ಮುಗಿದ ಮೇಲೆ.

ನಲ್ಲಿ ಇಲ್ಲ ಅನ್ನುವಂತಿಲ್ಲ. 2020ರ ಅಕ್ಟೋಬರ್ 2ರಂದು ಶಾಲೆ, ಅಂಗನವಾಡಿ, ಆಶ್ರಮ ಶಾಲೆಗಳಿಗೆ ನಲ್ಲಿ ನೀರು ಕೊಡುವ 100 ದಿನಗಳ ಅಭಿಯಾನವನ್ನು ಕೇಂದ್ರ ಸರ್ಕಾರ ಶುರು ಮಾಡಿತು. ನಲ್ಲಿ ನೀರಿನ ಜಲಜೀವನ ಮಿಷನ್‌ಗೆ ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಅಂತ ಹೆಸರಿಟ್ಟರು. ಈ ಮಕ್ಕಳ ಮನೆಯಲ್ಲೂ ನಲ್ಲಿಗಳ ಸಾಲು ಇತ್ತು, ಮಕ್ಕಳ ಎತ್ತರಕ್ಕೇ ಕೂಡಿಸಿದ್ದರು, ಹಿಂದೆ ಹೂವಿನ ಟೈಲ್ಸು. ತಿರುವಿದರೆ ಗಾಳಿ.

ಹಾಗಾಗಿ ನೀರು ಬರುವುದು ಆಯಾಳ ಟೊಂಕದ ಮೇಲೆ, ಕೊಡದಲ್ಲಿ. ಹೊತ್ತು ತಂದ ನೀರನ್ನು ಯಾರೂ ಕೈ ಮೇಲೆ ಧಾರಾಳವಾಗಿ ಸುರಿಯುವುದಿಲ್ಲ. ಮೊದಲು ಕುಡಿಯಲು. ಆಮೇಲೆ ಅಡುಗೆಗೆ. ಆಮೇಲೆ ಸಂಡಾಸಿಗೆ. ಕೈಗೆ ಅಂತ ಉಳಿಯುವುದು ಒಂದು ಬಕೆಟ್ಟು. ಎಲ್ಲರೂ ಅದರಲ್ಲೇ ಅದ್ದುತ್ತಾರೆ. ರಿಜಿಸ್ಟರಿನಲ್ಲಿ ಅದಕ್ಕೂ ಕೈ ತೊಳೆಯುವುದು ಅಂತಲೇ ಹೆಸರು.

2016ರ ಬಾಲನ್ಯಾಯ ಮಾದರಿ ನಿಯಮಗಳನ್ನು ಓದಿ. ಕಣ್ಣು ತುಂಬಿ ಬರುತ್ತದೆ. ಏಳು ಮಕ್ಕಳಿಗೆ ಒಂದು ಶೌಚಾಲಯ. ಹತ್ತು ಮಕ್ಕಳಿಗೆ ಒಂದು ಸ್ನಾನದ ಮನೆ. ಗಾಳಿ ಬೆಳಕು. ಸಾಕಷ್ಟು ನೀರು. ನೊಣ ಬಾರದ ಅಡುಗೆಮನೆ. ಹಾಸಿಗೆ-ಬಟ್ಟೆಗೆ ಬಿಸಿಲು. ಇದರಲ್ಲಿ ನೂರಕ್ಕೆ ನೂರು ಪಾಲನೆ ಆಗಿರುವುದು ಬಿಸಿಲಿನ ನಿಯಮ. ಅದಕ್ಕೆ ವಿಜಯಪುರದಲ್ಲಿ ಟೆಂಡರು ಕರೆಯಬೇಕಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ಸಭೆಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. ‘ಆಯಾಗಳಿಗೆ ತಿಳಿವಳಿಕೆ ಇಲ್ಲ. ಜಾಗೃತಿ ಮೂಡಿಸಬೇಕು.’

ಜಾಗೃತಿ ಮೂಡಿಸುವ ಮುಂಚೆ ಒಂದು ಲೆಕ್ಕ ಮಾಡೋಣ. ಹತ್ತು ಶಿಶುಗಳ ದತ್ತು ಕೇಂದ್ರಕ್ಕೆ ಸರ್ಕಾರದ ಯೋಜನೆ ಕೊಟ್ಟದ್ದು ಆರು ಆಯಾ. ಕೇಳಲು ಉದಾರ. ಮೂರು ಪಾಳಿಗೆ ಹಂಚಿ. ಪಾಳಿಗೆ ಇಬ್ಬರು. ವಾರದ ರಜೆ ಕಳೆಯಿರಿ. ಊರಿಗೆ ಹೋದವಳನ್ನು ಕಳೆಯಿರಿ. ಬಿಟ್ಟು ಹೋದವಳ ಜಾಗ ಇನ್ನೂ ತುಂಬಿಲ್ಲ, ಅದನ್ನೂ ಕಳೆಯಿರಿ. ರಾತ್ರಿ ಪಾಳಿಗೆ ಉಳಿದವಳು ಒಬ್ಬಳು.

ಎಂಟು ತಾಸಿನಲ್ಲಿ ಕೂಸಿಗೆ ಮೂರು ಸಲ ಹಾಲು, ಮೂರು ಸಲ ಬಟ್ಟೆ ಬದಲಿಸುವುದು ಅಂತ ಹಿಡಿಯಿರಿ. ಜುಗ್ಗ ಲೆಕ್ಕವೇ ಇರಲಿ. ಹಾಲು ಕುಡಿಸುವ ಮುಂಚೆ ಒಂದು ಸಲ, ಬಟ್ಟೆ ಬದಲಿಸಿದ ಮೇಲೆ ಒಂದು ಸಲ ಕೈ ತೊಳೆಯಬೇಕು. ಹತ್ತು ಕೂಸಿಗೆ 60 ಸಲ. ಸಾಬೂನು ಹಚ್ಚಿ, ಉಜ್ಜಿ, ತೊಳೆದು, ಒರೆಸಲು 40ರಿಂದ 60 ಸೆಕೆಂಡು ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ 40ರಿಂದ 60 ನಿಮಿಷ ಬರೀ ಕೈ ತೊಳೆಯುವುದಕ್ಕೇ. ಮೂಗು ಒರೆಸಿದ್ದು, ವಾಂತಿ ಬಳಿದದ್ದು ಇದರಲ್ಲಿ ಸೇರಿಲ್ಲ. ಕೊಡ ಹೊತ್ತದ್ದೂ ಸೇರಿಲ್ಲ.

ಆ ಒಂದು ತಾಸು ಒಂಬತ್ತು ಕೂಸು ಅಳುತ್ತಿರುತ್ತವೆ. ಅವನ್ನು ಎತ್ತಿಕೊಳ್ಳಬೇಕೋ, ಅಂಗೂಠಾ-ನಾಖೂನ್ ಮಾಡಬೇಕೋ? ಈ ಪ್ರಶ್ನೆಗೆ ತರಬೇತಿಯಲ್ಲಿ ಉತ್ತರ ಇಲ್ಲ. ತರಬೇತಿ ಕೊಡುವವರು ರಾತ್ರಿ ಪಾಳಿ ಮಾಡಿದವರಲ್ಲ.

ಸ್ಯಾನಿಟೈಸರ್ ಇದ್ದರೆ 20ರಿಂದ 30 ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಕೈಗೆ ಕಣ್ಣಿಗೆ ಕಾಣುವ ಹೊಲಸು ಹತ್ತಿದ್ದರೆ ಅದು ಸಾಲದು, ಸಾಬೂನೇ ಬೇಕು. ಉಳಿದ ಹೊತ್ತಿಗಾದರೂ ಆಗುತ್ತಿತ್ತು. ಅದರ ಜಾಗದಲ್ಲಿ ಊದುಬತ್ತಿ ಇದೆ.

ಇನ್ನು ಕೆಲವರು ಬುದ್ಧಿವಂತರು. ಕೈಗವಸು ಕೊಟ್ಟುಬಿಡುತ್ತಾರೆ. ಮುಂಜಾನೆ ಹಾಕಿದ ಒಂದೇ ಜೋಡಿಯಲ್ಲಿ ಆಯಾ ಹತ್ತು ಕೂಸಿನ ಬಟ್ಟೆ ಬದಲಿಸುತ್ತಾಳೆ. ಅವಳ ಕೈ ಚೊಕ್ಕ. ಒಂದನೇ ಕೂಸಿನದು ಹತ್ತನೇ ಕೂಸಿಗೆ ಸುರಕ್ಷಿತವಾಗಿ ತಲುಪುತ್ತದೆ. ಕೈಗವಸಿಲ್ಲದ ಕಡೆ ಸೆರಗಿದೆ. ಮೂಗಿಗೂ ಅದೇ, ತಟ್ಟೆಗೂ ಅದೇ, ಒದ್ದೆ ಕೈಗೂ ಅದೇ. ಅವಳಿಗೆ ಬೇರೆ ಏನು ಕೊಟ್ಟಿದ್ದೀರಿ?

ಅವಳು ಹೊರಗುತ್ತಿಗೆ. ಬಂದ ದಿನಕ್ಕೆ ಕೂಲಿ. ಬಾರದ ದಿನಕ್ಕೆ ಸೊನ್ನೆ. ಅವಳಿಗೇ ಜ್ವರ ಬಂದರೆ, ಅವಳಿಗೇ ಹೊಟ್ಟೆ ಕೆಟ್ಟರೆ ಮನೆಯಲ್ಲಿ ಮಲಗುತ್ತಾಳಾ? ಮಾತ್ರೆ ನುಂಗಿ ಬರುತ್ತಾಳೆ. ನಾವು ಅದಕ್ಕೆ ಸೇವಾ ಮನೋಭಾವ ಅಂತ ಶಾಲು ಹೊದಿಸುತ್ತೇವೆ.

ಮಡಿಯ ಬಗ್ಗೆಯೂ ಒಂದು ಮಾತು. ಅಡುಗೆಮನೆಯ ಹೊಸ್ತಿಲನ್ನು ಯಾರು ದಾಟಬೇಕು, ಯಾರು ದಾಟಬಾರದು ಅನ್ನುವ ಕಟ್ಟುನಿಟ್ಟು ನಮ್ಮಲ್ಲಿ ಇನ್ನೂ ಸತ್ತಿಲ್ಲ. ಯಾವ ಜಾತಿಯ ಹುಡುಗ ಭಾಂಡಿ ಮುಟ್ಟಿದ ಅನ್ನುವುದು ಹರದಾರಿ ದೂರದಿಂದ ಗೊತ್ತಾಗುತ್ತದೆ. ಯಾವ ಕೈ ಸಂಡಾಸಿನಿಂದ ನೇರ ಹಿಟ್ಟಿಗೆ ಬಂತು ಅನ್ನುವುದು ಎರಡು ಮೊಳ ದೂರದಿಂದಲೂ ಗೊತ್ತಾಗುವುದಿಲ್ಲ. ಮುಟ್ಟಬಾರದವರ ಪಟ್ಟಿ ಬಾಯಿಪಾಠ. ಬಸವಣ್ಣ ಹುಟ್ಟಿದ ಜಿಲ್ಲೆ ಅಂತ ವೇದಿಕೆ ಮೇಲೆ ಎದೆ ತಟ್ಟಿಕೊಳ್ಳುವವರೂ ಇದೇ ಜನ.

ತಪಾಸಣೆ ಇಲ್ಲವೇ ಅಂದರೆ, ಇದೆ. ಬಾಲನ್ಯಾಯ ಕಾಯ್ದೆಯ ಕಲಂ 54. ಮೂರು ತಿಂಗಳಿಗೆ ಒಮ್ಮೆಯಾದರೂ ಕನಿಷ್ಠ ಮೂವರ ತಂಡ ಬರಬೇಕು. ಅದರಲ್ಲಿ ಒಬ್ಬರು ಮಹಿಳೆ, ಒಬ್ಬರು ವೈದ್ಯಾಧಿಕಾರಿ. ವೈದ್ಯಾಧಿಕಾರಿ ಇರಲೇಬೇಕು ಅಂತ ಬರೆದವರು ಯೋಚಿಸಿಯೇ ಬರೆದಿದ್ದಾರೆ.

ತಂಡ ಬರುವ ಸುದ್ದಿ ಎರಡು ದಿನ ಮೊದಲೇ ಬರುತ್ತದೆ. ಅವತ್ತು ಬಚ್ಚಲಿಗೆ ಹೊಸ ಸಾಬೂನು ಇಳಿಯುತ್ತದೆ. ಟ್ಯಾಂಕರು ಬರುತ್ತದೆ. ಟವೆಲ್ಲು ಬೆಳ್ಳಗಾಗುತ್ತದೆ. ತಂಡ ರಿಜಿಸ್ಟರು ನೋಡುತ್ತದೆ, ಬೀರು ನೋಡುತ್ತದೆ, ಗೋಡೆಯ ಎರಡು ಜಡೆಯ ಹುಡುಗಿಯನ್ನು ನೋಡುತ್ತದೆ. ಡಾಕ್ಟರು ಒಂದು ಕೂಸಿನ ಕಣ್ಣರೆಪ್ಪೆ ಎಳೆದು ನೋಡುತ್ತಾರೆ, ಇನ್ನೊಂದರ ನಾಲಿಗೆ, ಮತ್ತೊಂದರ ಹೊಟ್ಟೆ ಒತ್ತುತ್ತಾರೆ. ನಡುವೆ ಎಲ್ಲೂ ಬಚ್ಚಲ ಕಡೆ ಹೋಗುವುದಿಲ್ಲ. ಆಮೇಲೆ ಅವಲಕ್ಕಿ, ಚಹಾ. ಚಹಾಕ್ಕೆ ಮುಂಚೆ ತಪ್ಪದೆ ಕೈ ತೊಳೆಯುತ್ತಾರೆ. ಮಕ್ಕಳನ್ನು ಮುಟ್ಟಿದ್ದರಲ್ಲ.

ಇದು ಹೊಸ ರೋಗವಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಅನ್ನುವ ವೈದ್ಯ ಇದನ್ನೇ ಹೇಳಿದ. ಶವ ಕೊಯ್ದ ಕೈಯಲ್ಲೇ ಬಂದು ಬಾಣಂತಿಯರನ್ನು ಮುಟ್ಟುತ್ತೀರಿ, ಕ್ಲೋರಿನ್ ಸುಣ್ಣದ ನೀರಲ್ಲಿ ಕೈ ತೊಳೆದು ಬನ್ನಿ ಅಂದ. ಅವನ ವಾರ್ಡಿನಲ್ಲಿ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಬೇಸಿಗೆ ಮುಗಿಯುವ ಮುಂಚೆ ಎರಡರ ಆಸುಪಾಸಿಗೆ ಇಳಿಯಿತು. ದೊಡ್ಡ ಡಾಕ್ಟರುಗಳಿಗೆ ಸಿಟ್ಟು ಬಂತು. ಮರ್ಯಾದಸ್ಥರ ಕೈ ಹೊಲಸು ಹೇಗಿರುತ್ತದೆ? ಅವನು 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ. ನಮ್ಮ ಪುಣ್ಯ, ಜಿಲ್ಲಾ ಮಟ್ಟದ ಸಭೆಗೆ ಅವನನ್ನು ಕರೆಯುವ ಪ್ರಮೇಯ ಬರಲಿಲ್ಲ.

ತಿಳಿವಳಿಕೆಯ ವಿಚಾರಕ್ಕೆ ಬರೋಣ. 2024ರ ಏಪ್ರಿಲ್. ಬೆಂಗಳೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿಯರ ಹಾಸ್ಟೆಲಿನಿಂದ 47 ಮಂದಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಕೆಲವರಲ್ಲಿ ಕಾಲರಾ ದೃಢಪಟ್ಟಿತು. ನಾಳೆ ನಮಗೆ ಕಾಲರಾದ ಬಗ್ಗೆ ಜಾಗೃತಿ ಮೂಡಿಸಬೇಕಾದವರು. ಅವರಿಗೆ ಯಾವ ಸೂತ್ರ ಗೊತ್ತಿರಲಿಲ್ಲ? ಗೋಡೆಗೆ ಯಾವ ಚಿತ್ರ ಕಮ್ಮಿ ಬಿದ್ದಿತ್ತು? ನೀರು, ಅಡುಗೆಮನೆ ಕೆಟ್ಟಲ್ಲಿ ಎಂಬಿಬಿಎಸ್ ಕೂಡ ಕಾಯುವುದಿಲ್ಲ.

ದುಡ್ಡಿದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೆ ಅಮೆರಿಕ ಇದೆ. 2018ರಲ್ಲಿ ನ್ಯೂಜೆರ್ಸಿಯ ವಾನಕ್ಯೂ ಅನ್ನುವ ಆರೈಕೆ ಕೇಂದ್ರ. ಉಸಿರಾಟಕ್ಕೂ ಯಂತ್ರ ಬೇಕಾದಂಥ ಮಕ್ಕಳು ವರ್ಷಗಟ್ಟಲೆ ಇರುವ ಜಾಗ. ಅಡಿನೋವೈರಸ್ ನುಗ್ಗಿತು. 36 ಮಂದಿಗೆ ಸೋಂಕು. 11 ಮಕ್ಕಳು ಸತ್ತರು. ತಪಾಸಣೆಗೆ ಹೋದ ರಾಜ್ಯದ ಅಧಿಕಾರಿಗಳು ಸಿಬ್ಬಂದಿಯ ಕೈ ತೊಳೆಯುವಿಕೆಯಲ್ಲಿ ಲೋಪ ಕಂಡರು. ಸಣ್ಣ ಲೋಪ ಅಂತ ಬರೆದರು. ಸಾವಿಗೆ ಅದೇ ಕಾರಣ ಅಂತ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಅವರು ನೋಡಿದ್ದು ಯಾರ ಕೈಯನ್ನು? ನೌಕರರ ಕೈಯನ್ನು. ಮರುವರ್ಷ ಇಂಥ ಕೇಂದ್ರಗಳಿಗೆಲ್ಲ ಸೋಂಕು ಹಬ್ಬಿದರೆ ಏನು ಮಾಡಬೇಕೆಂಬ ಯೋಜನೆ ಇರಲೇಬೇಕು ಅಂತ ಕಾನೂನು ಮಾಡಿದರು. ಮಕ್ಕಳಿಂದ ಪ್ರತಿಜ್ಞೆ ಮಾಡಿಸಲಿಲ್ಲ.

ನಮಗೂ ಅಂಥ ಆದೇಶ ಬಂದಿತ್ತು. 2020ರ ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಎತ್ತಿಕೊಂಡು ದೇಶದ ಎಲ್ಲ ಮಕ್ಕಳ ಮನೆಗಳಿಗೆ ಸೂಚನೆ ಕೊಟ್ಟಿತು. ಅದರಲ್ಲಿ ಸ್ವಚ್ಛತೆ ಇತ್ತು, ಕೈ ತೊಳೆಯುವುದು ಇತ್ತು, ಸಿಬ್ಬಂದಿ ತಾವು ಮಾಡಿ ತೋರಿಸಬೇಕು ಅನ್ನುವುದೂ ಇತ್ತು. ಎರಡು ತಿಂಗಳು ಕಳೆಯಿತು. ಜೂನ್‌ನಲ್ಲಿ ಚೆನ್ನೈನ ರಾಯಪುರಂ ಮಕ್ಕಳ ಮನೆಯಲ್ಲಿ 35 ಮಕ್ಕಳಿಗೆ ಕೊರೊನಾ. ಅದೇ ತಿಂಗಳು ಕಾನ್ಪುರದ ಬಾಲಿಕಾ ಗೃಹದಲ್ಲಿ 57 ಹುಡುಗಿಯರಿಗೆ. ದೇಶಕ್ಕೇ ಬೀಗ ಬಿದ್ದ ಕಾಲ. ಈ ಮಕ್ಕಳಿಗೆ ಬೀಗ ಅದಕ್ಕೂ ಮೊದಲೇ ಇತ್ತು. ದಿನಾ ಗೇಟು ದಾಟಿ ಹೋಗಿ ಬರುವವರು ಯಾರು ಅಂತ ಯಾರಾದರೂ ಗಟ್ಟಿಯಾಗಿ ಕೇಳಿದ ನೆನಪಿಲ್ಲ.

ಕೇಕು ತಿಂದ ಮಕ್ಕಳ ಕಥೆ ಏನಾಯಿತು? ಆಗಬೇಕಾದದ್ದೇ ಆಯಿತು. ಮೂರನೇ ದಿನಕ್ಕೆ ಅರ್ಧ ಕೋಣೆ ಜುಲಾಬು. ಇಬ್ಬರಿಗೆ ಸಲಾಯಿನ್. ಕೇಕಿನಿಂದಲೇ ಬಂತೋ, ಬಕೆಟ್ಟಿನಿಂದ ಬಂತೋ, ಯಾರೂ ತಪಾಸಿಸಲಿಲ್ಲ. ತಪಾಸಿಸಿದರೆ ಗೊತ್ತಾಗಿಬಿಡುತ್ತದಲ್ಲ.

ಜವಾಬ್ದಾರಿ ಯಾರದು ಅಂತ ಕೇಳಿಕೊಂಡು ಹೋದೆ. 2017ರ ಬಜೆಟ್ಟಿನಲ್ಲಿ ಘೋಷಿಸಿದ ಹೊಸ ತಾಲೂಕುಗಳಲ್ಲಿ ತಿಕೋಟಾವೂ ಇದೆ, ಬಬಲೇಶ್ವರವೂ ಇದೆ. ಕಚೇರಿ ಬಂದಿವೆ, ಬೋರ್ಡು ಬಂದಿವೆ. ಅಲ್ಲಿ ಕೇಳಿದರೆ ‘ಅದು ಜಿಲ್ಲಾದವರದ್ರೀ’ ಅಂದರು. ಜಿಲ್ಲೆಯಲ್ಲಿ ಒಬ್ಬರು ‘ಆರೋಗ್ಯ ಇಲಾಖೆಗೆ ಬರ್ತೈತಿ’ ಅಂದರು. ಆರೋಗ್ಯದವರು ‘ಮಹಿಳಾ ಮಕ್ಕಳ ಇಲಾಖೆ’ ಅಂದರು. ನೀರಿನವರು ‘ನಮ್ಮ ಪೈಪು ಗೇಟಿನ ತನಕ, ಒಳಗಿಂದು ಅವ್ರದು’ ಅಂದರು. ಒಬ್ಬರೂ ಸುಳ್ಳು ಹೇಳಲಿಲ್ಲ. ಅದೇ ಸಿಟ್ಟು ತರಿಸುವುದು.

ಕ್ರಮ ಆಗಲಿಲ್ಲ ಅನ್ನುವಂತಿಲ್ಲ. ಎರಡು ಕ್ರಮ ಆಯಿತು. ಒಂದು, ಹೊಸ ಬ್ಯಾನರು, ಆರು ಅಡಿ ಅಗಲದ್ದು, ‘ಸ್ವಚ್ಛ ಕೈ, ಆರೋಗ್ಯವಂತ ಮಗು’ ಅಂತ. ಅದರಲ್ಲಿ ಸಾಹೇಬರ ಫೋಟೋ ಇತ್ತು, ಕೇಕು ತಿನ್ನಿಸುತ್ತಿರುವುದು. ಎರಡು, ಆಯಾಳಿಗೆ ಕಾರಣ ಕೇಳಿ ನೋಟಿಸು. ಮಕ್ಕಳ ಆರೈಕೆಯಲ್ಲಿ ಸ್ವಚ್ಛತೆ ಪಾಲಿಸಿಲ್ಲ, ಮೂರು ದಿನದೊಳಗೆ ಸಮಜಾಯಿಷಿ ಕೊಡು ಅಂತ. ‘ಅವಗ ಬ್ಯಾಡ್ರಿ’ ಅಂದವಳಿಗೇ.

ಅವಳಿಗೆ ಸಹಿ ಬರುತ್ತದೆ, ಅರ್ಜಿ ಬರೆಯಲು ಬರುವುದಿಲ್ಲ. ಕಚೇರಿಯ ಗುಮಾಸ್ತರೇ ನೋಟಿಸು ಟೈಪು ಮಾಡಿದ್ದರು, ಉತ್ತರವನ್ನೂ ಅವರೇ ಟೈಪು ಮಾಡಿಕೊಟ್ಟರು. ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ, ಕ್ಷಮೆ ಇರಲಿ. ಅವಳು ಸಹಿ ಹಾಕಿದಳು. ಫೈಲು ಮುಕ್ತಾಯವಾಯಿತು.

ಮೋಟಾರಿನ ಫೈಲು ಮಾತ್ರ ಇನ್ನೂ ಬಾಕಿ. ರಿಪೇರಿಗೆ ಮೂರು ಕೊಟೇಶನ್ ಬೇಕಂತೆ, ಬಂದಿರುವುದು ಎರಡು.